ಪ್ರಶ್ನೆ ಕೇಳಲು ಕಲಿಸಿದವರಿಗೆ ನಮ್ಮದೊಂದು ಪ್ರಶ್ನೆ

ವಿಜ್ಞಾನ ಜಾತಿ ನೋಡೋದಿಲ್ಲ ಎಂದು ಹೇಳುವವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಬೆಂಕಿ ಎಲ್ಲರ ಕೈಯನ್ನೂ ಸುಡುತ್ತದೆ, ನೀರು ಊರಲ್ಲೂ ಕೇರಿಯಲ್ಲೂ ಒಂದೇ ಬಿಸಿಗೆ ಕುದಿಯುತ್ತದೆ ಎನ್ನುತ್ತಾರೆ. ಸರಿ, ನೀರು ಜಾತಿ ನೋಡೋದಿಲ್ಲ. ಆದರೆ ನೀರು ಕಾಯಿಸುವ ಬೀಕರನ್ನು ಯಾರು ಹಿಡಿಯಬೇಕು, ಆಮೇಲೆ ಅದನ್ನು ಯಾರು ತೊಳೆದಿಡಬೇಕು, ಕುದಿಯೋದನ್ನು ನೋಡಿ ಯಾರು ಬರೆಯಬೇಕು, ಬರೆದದ್ದಕ್ಕೆ ಶಹಬ್ಬಾಸ್ ಅನ್ನುವವರು ಯಾರು, ಇದನ್ನೆಲ್ಲ ನೀರು ತೀರ್ಮಾನ ಮಾಡೋದಿಲ್ಲ. ಊರು ತೀರ್ಮಾನ ಮಾಡುತ್ತದೆ. ಮಕ್ಕಳಿಗೆ ವಿಜ್ಞಾನವನ್ನು ಹೇಗೆ ಕಲಿಸಬೇಕೆಂದು ಸಂಶೋಧನೆ ಮಾಡುವ ವಿದ್ವಾಂಸರ ಬಳಗವೊಂದು ಈ ದೇಶದಲ್ಲಿದೆ. ಸಮಾನತೆ ಮತ್ತು ಹೊಸತನ ಎಂಬ ಎರಡು ಮಾತುಗಳನ್ನು ಅದು ಜೋಡಿಸಿಯೇ ಆಡುತ್ತದೆ. ಆಡುವಾಗ ಈ ಊರನ್ನು ಕಣ್ಣು ಬಿಟ್ಟು ನೋಡಿದೆಯೆ? ಇದು ನಮ್ಮ ಪ್ರಶ್ನೆ.

ಗಾಳಿಯಲ್ಲಿ ಗುದ್ದಾಡುವುದು ಬೇಡ. ಒಂದು ನಿಜವಾದ ಪ್ರಯತ್ನವನ್ನು ಮುಂದಿಟ್ಟುಕೊಂಡು ಮಾತಾಡೋಣ. ಅದೂ ಒಂದು ಒಳ್ಳೆಯ ಪ್ರಯತ್ನವನ್ನೇ. ಕೆಟ್ಟದ್ದನ್ನು ಬೈಯೋದಕ್ಕೆ ವಿಮರ್ಶೆ ಬೇಕಾಗಿಲ್ಲ. ಒಳ್ಳೆಯದು ನಡೆದುಕೊಂಡು ಬಂದು ಎಲ್ಲಿ ನಿಂತಿತು ಎಂದು ತೋರಿಸೋದಕ್ಕೆ ವಿಮರ್ಶೆ ಬೇಕು.

ಮಧ್ಯಪ್ರದೇಶದಲ್ಲಿ ಹೋಶಂಗಾಬಾದ್ ಎಂಬ ಜಿಲ್ಲೆ. ಈಗ ಅದಕ್ಕೆ ನರ್ಮದಾಪುರಂ ಅಂತ ಹೆಸರು. 1972ರಲ್ಲಿ ಆ ಜಿಲ್ಲೆಯ 16 ಮಿಡ್ಲ್ ಸ್ಕೂಲುಗಳಲ್ಲಿ ವಿಜ್ಞಾನ ಕಲಿಸುವ ಒಂದು ಹೊಸ ಕಾರ್ಯಕ್ರಮ ಶುರುವಾಯಿತು. ಶುರು ಮಾಡಿದ್ದು ಎರಡು ಸಂಸ್ಥೆಗಳು: ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ಬನಖೇಡಿ ಕಡೆಯ ಕಿಶೋರ್ ಭಾರತಿ. ಕಿಶೋರ್ ಭಾರತಿಯನ್ನು ಕಟ್ಟಿದ ಅನಿಲ್ ಸದ್ಗೋಪಾಲ್ ಅಣುಜೀವವಿಜ್ಞಾನ ಓದಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದವರು. ಅದೇ ಟಾಟಾ ಸಂಸ್ಥೆಯ ವಿಜ್ಞಾನಿಗಳು, ದಿಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಜೊತೆಗೂಡಿದರು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಇದನ್ನು ನಡೆಸಿಕೊಂಡು ಹೋಗಲು ‘ಏಕಲವ್ಯ’ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಸುಮಾರು 15 ಜಿಲ್ಲೆಗಳಿಗೆ ಹೋಯಿತು. 2002ರಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿ ಇದನ್ನು ನಿಲ್ಲಿಸಿತು. ಒಟ್ಟು 30 ವರ್ಷ.

ಆ 30 ವರ್ಷದಲ್ಲಿ ಅವರು ಮಾಡಿದ ಕೆಲಸ ಸಣ್ಣದಲ್ಲ. ನಮ್ಮ ಬಹುಪಾಲು ಶಾಲೆಗಳಲ್ಲಿ ವಿಜ್ಞಾನ ಅಂದರೆ ಏನೆಂದು ನಮಗೆ ಗೊತ್ತು. ಬೀಕರು, ಫ್ಲಾಸ್ಕು ಬೀರುವಿನ ಒಳಗೆ ಬೀಗ ಹಾಕಿಸಿಕೊಂಡು ಕೂತಿರುತ್ತವೆ. ಇನ್ಸ್‌ಪೆಕ್ಟರು ಬಂದ ದಿನ ಧೂಳು ಒರೆಸಿಕೊಂಡು ಮೇಜಿನ ಮೇಲೆ ಬರುತ್ತವೆ. ಪ್ರಯೋಗವನ್ನು ಬೋರ್ಡಿನ ಮೇಲೆ ಬರೆದು, ನೋಟ್ಸು ಮಾಡಿಸಿ, ಬಾಯಿಪಾಠ ಹೊಡೆಸಿ, ಮಾರ್ಕು ಹಾಕಿದರೆ ಆಯಿತು. ಹೋಶಂಗಾಬಾದಿನವರು ಆ ಬೀರು ತೆಗೆದರು. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ ಸಾಮಾನನ್ನು ಮಕ್ಕಳ ಕೈಗೇ ಕೊಟ್ಟರು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು ಸೇರಿಸಿ ಆಕೃತಿ ಕಟ್ಟುವುದನ್ನು ಕಲಿಸಿದರು. ಅವರ ‘ಬಾಲ ವೈಜ್ಞಾನಿಕ್’ ಪುಸ್ತಕಗಳು ಉತ್ತರ ಹೇಳುವ ಪುಸ್ತಕಗಳಾಗಿರಲಿಲ್ಲ. ಮಾಡು, ನೋಡು, ಪಕ್ಕದವನ ಜೊತೆ ಜಗಳ ಆಡು, ಆಮೇಲೆ ಬರಿ ಅನ್ನುವ ಪುಸ್ತಕಗಳು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಕೈಯಾರೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಮಕ್ಕಳು ತಮಗೆ ತೋಚಿದ ಪ್ರಶ್ನೆಯನ್ನು ‘ಸವಾಲಿರಾಮ್’ ಎಂಬ ಕಾಲ್ಪನಿಕ ಹೆಸರಿನವನಿಗೆ ಕಾಗದ ಬರೆದು ಕೇಳಬಹುದಿತ್ತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹಳ್ಳಿ ಮೇಷ್ಟ್ರನ್ನು ಅವರು ಕೂಲಿಯವನ ಹಾಗೆ ನೋಡಲಿಲ್ಲ. ರಜೆಯಲ್ಲಿ ತರಬೇತಿ, ತಿಂಗಳಿಗೊಂದು ಸಭೆ, ಶಾಲೆಗೆ ಬಂದು ಜೊತೆಯಲ್ಲಿ ನಿಲ್ಲುವ ಕ್ರಮ, ಎಲ್ಲವನ್ನೂ ಕಟ್ಟಿದರು. ಪಾಠ ತರಗತಿಯಲ್ಲಿ ನಡೆಯದಿದ್ದರೆ ಮೇಷ್ಟ್ರು ಹೇಳುತ್ತಿದ್ದರು, ಪಾಠ ತಿದ್ದುಪಡಿಯಾಗುತ್ತಿತ್ತು. ಈ ದೇಶದಲ್ಲಿ ಪ್ರೊಫೆಸರು ಮಾತಾಡುತ್ತಾನೆ, ಮೇಷ್ಟ್ರು ಬರೆದುಕೊಳ್ಳುತ್ತಾನೆ. ಅದು ಪದ್ಧತಿ. ಆ ಪದ್ಧತಿಯನ್ನು ಅಲ್ಲಿ ಮುರಿದರು. ವಿದ್ವತ್ತಿನ ಬಳಗ ಅಂದರೆ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ನಮಗೆ ಅವರ ಮೇಲೆ ಗೌರವ ಇದೆ. ಗೌರವ ಇರುವ ಕಡೆಯೇ ಜಗಳ ಆಡಬೇಕು.

ಹೋಶಂಗಾಬಾದ್ ನಮಗ್ಯಾಕೆ, ಅದು ಹಿಂದಿ ಸೀಮೆ ಅಂತ ಕೇಳಬಹುದು. ಅಲ್ಲಿ ಮೊದಲ ದಿನಗಳಲ್ಲಿ ಬೆನ್ನಿಗೆ ನಿಂತ ಯಶ್ ಪಾಲ್ ಅವರೇ ಮುಂದೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಮಿತಿಗೆ ಅಧ್ಯಕ್ಷರಾದರು. ಇವತ್ತು ನಮ್ಮ ಜಿಲ್ಲೆಯ ಯಾವುದೇ ಶಿಕ್ಷಕರ ತರಬೇತಿಗೆ ಹೋಗಿ, ಚಟುವಟಿಕೆ, ಮಾಡಿ ಕಲಿ, ಮಗು ಕೇಂದ್ರಿತ ಎಂಬ ಮಾತು ಕಿವಿಗೆ ಬೀಳದೆ ಮಧ್ಯಾಹ್ನದ ಊಟ ಆಗೋದಿಲ್ಲ. ಆ ಮಾತುಗಳು ನಡೆದು ಬಂದ ದಾರಿಯಲ್ಲಿ ಹೋಶಂಗಾಬಾದ್ ಇದೆ. ಅಲ್ಲಿ ಏನು ಬಿಟ್ಟುಹೋಯಿತೋ ಅದು ಇಲ್ಲಿಗೂ ಬಿಟ್ಟುಹೋಗಿಯೇ ಬಂದಿದೆ.

*

ಅವರ ಎರಡು ಪಾಠಗಳನ್ನು ತೆಗೆದುಕೊಳ್ಳೋಣ.

ಒಂದು, ಗುಂಪು ಮಾಡುವ ಪಾಠ. ಮುಂದೆ ಒಂದಿಷ್ಟು ವಸ್ತು ಇರುತ್ತವೆ. ಮಗು ಅವನ್ನು ವಿಂಗಡಿಸಬೇಕು. ಬಣ್ಣ ನೋಡಿ ವಿಂಗಡಿಸಿದರೆ ಒಂದು ಥರ ಗುಂಪು, ಆಕಾರ ನೋಡಿದರೆ ಇನ್ನೊಂದು ಥರ. ಯಾವ ಗುಣವನ್ನು ಆಧಾರ ಮಾಡಿಕೊಂಡೆವೋ ಅದರ ಮೇಲೆ ಗುಂಪು ನಿಲ್ಲುತ್ತದೆ. ಗುಂಪು ಅನ್ನೋದು ವಸ್ತುವಿನ ಹಣೆಯ ಮೇಲೆ ಬರೆದುಕೊಂಡು ಬಂದದ್ದಲ್ಲ, ನಾವು ಮಾಡಿದ್ದು. ಎಂಥ ಪಾಠ ನೋಡಿ! ಹನ್ನೊಂದು ವರ್ಷದ ಮಗುವಿಗೆ ಇದು ತಿಳಿದರೆ ಮುಂದಿನ ಪ್ರಶ್ನೆ ತಾನೇ ಬಾಯಿಗೆ ಬರಬೇಕು: ನಮ್ಮೂರನ್ನು ಯಾವ ಗುಣದ ಮೇಲೆ ವಿಂಗಡಿಸಿದ್ದಾರೆ? ಬಣ್ಣದ ಮೇಲೋ, ತೂಕದ ಮೇಲೋ, ರಕ್ತದ ಮೇಲೋ? ನಮ್ಮ ಕೇರಿ ಊರಾಚೆ ಇರೋದಕ್ಕೆ ಯಾವ ಪ್ರಯೋಗದ ಆಧಾರ ಇದೆ?

ಇನ್ನೊಂದು, ಸಂಭವದ ಪಾಠ. ಕಾಸು ಚಿಮ್ಮಿ, ರಾಜನೋ ರಾಣಿಯೋ ಅಂತ ನೂರಾರು ಸಲ ಬರೆದುಕೊಂಡು, ಆಕಸ್ಮಿಕಕ್ಕೂ ಒಂದು ಲೆಕ್ಕ ಇದೆ ಎಂದು ಮಗು ಕಂಡುಕೊಳ್ಳುತ್ತದೆ. ಹಳ್ಳಿ ಶಾಲೆಯಲ್ಲಿ ಇಂಥ ಪಾಠ ಇಟ್ಟಿದ್ದೇ ಸಾಹಸ. ನಮ್ಮ ಅವ್ವ ಅಪ್ಪಂದಿರನ್ನು ಸಾವಿರಾರು ವರ್ಷ ಬಾಯಿ ಮುಚ್ಚಿಸಿದ್ದು ಯಾವುದು? ಹಣೆಬರಹ. ಹಿಂದಿನ ಜನ್ಮದಲ್ಲಿ ಮಾಡಿದ್ದು, ಈ ಜನ್ಮದಲ್ಲಿ ಉಣ್ಣಬೇಕು. ಕಾಸು ಚಿಮ್ಮುವ ಮಗುವಿಗೆ, ಯಾವ ಹೊಟ್ಟೆಯಲ್ಲಿ ಹುಟ್ಟುತ್ತೇವೆ ಅನ್ನೋದೂ ಒಂದು ಆಕಸ್ಮಿಕ, ಅದರಲ್ಲಿ ಪಾಪ ಪುಣ್ಯ ಇಲ್ಲ ಎಂದು ಹೇಳುವ ಅವಕಾಶ ಅಲ್ಲಿ ಬಾಗಿಲು ತೆರೆದುಕೊಂಡು ನಿಂತಿತ್ತು.

ಪಾಠ ಆ ಬಾಗಿಲ ತನಕ ಬಂದು ನಿಂತಿತು. ಒಳಗೆ ಹೆಜ್ಜೆ ಇಡಲಿಲ್ಲ. ಕೇಳಿದ ಮೇಷ್ಟ್ರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಿರಬಹುದು; ಅದು ಅವರ ಎದೆಗಾರಿಕೆ. ವಿಜ್ಞಾನದ ಪಾಠವಾಗಿ ಅದು ಬರಲಿಲ್ಲ. ಏಕಲವ್ಯದವರು 1980ರ ದಶಕದಲ್ಲಿ ಸಮಾಜ ವಿಜ್ಞಾನದ ಪುಸ್ತಕಗಳನ್ನೂ ಬರೆದರು, ಜನರ ನಿಜವಾದ ಬದುಕನ್ನು ಆ ಪುಟಗಳಿಗೆ ತಂದರು ಎಂಬುದು ನಿಜ. ಅದನ್ನು ನಾವು ಮರೆಮಾಚೋದಿಲ್ಲ. ಆದರೆ ಇಲ್ಲೇ ನಮ್ಮ ತಕರಾರು. ಎಲೆ, ಕಲ್ಲು, ಕಾಸು ವಿಜ್ಞಾನದ ನೋಟ್‌ಬುಕ್ಕಿಗೆ. ಜಾತಿ ಸಮಾಜ ವಿಜ್ಞಾನದ ನೋಟ್‌ಬುಕ್ಕಿಗೆ. ಈ ವಿಂಗಡಣೆ ಮಾಡಿದವರು ಯಾರು, ಯಾವ ಗುಣದ ಆಧಾರದ ಮೇಲೆ? ಮಡಿ ಮೈಲಿಗೆ ಅನ್ನೋದು ವಸ್ತುಗಳ ಬಗ್ಗೆಯೇ ಇರುವ ಒಂದು ಹೇಳಿಕೆ. ಈ ಕೈ ಮುಟ್ಟಿದರೆ ಈ ನೀರು ಬದಲಾಗುತ್ತದೆ ಎನ್ನುತ್ತದೆ. ಬದಲಾಗುತ್ತದೆಯೆ? ಪರೀಕ್ಷೆ ಮಾಡಿ ನೋಡುವ ಮಾತು ಇದು. ಇದಕ್ಕಿಂತ ವಿಜ್ಞಾನದ ಪ್ರಶ್ನೆ ಯಾವುದಿದೆ? ದಲಿತ ಹೆಣ್ಣುಮಗಳು ಬೇಯಿಸಿದಳೆಂದು ಬಿಸಿಯೂಟದ ತಟ್ಟೆ ಬಿಟ್ಟು ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಸುದ್ದಿ ನಮ್ಮ ನಾಡಿನಲ್ಲೂ ಓದಿದ್ದೇವೆ. ಅಂಥ ಶಾಲೆಗಳಲ್ಲೂ ಆಹಾರದ ಘಟಕಗಳು ಎಂಬ ಪಾಠ ನಡೆಯುತ್ತದೆ. ಪಿಷ್ಟ ಇದೆಯೋ ಇಲ್ಲವೋ ಎಂದು ಅನ್ನದ ಮೇಲೆ ಅಯೋಡಿನ್ ಹಾಕಿ ನೋಡುತ್ತಾರೆ, ನೀಲಿಯಾಗುತ್ತದೆ. ಮೈಲಿಗೆ ಇದೆಯೋ ಇಲ್ಲವೋ ನೋಡುವ ಪ್ರಯೋಗ ಯಾವ ಪುಸ್ತಕದಲ್ಲಿದೆ?

*

ಈಗ ಕೈಯ ಮಾತು.

ಕೈಯಿಂದ ಮಾಡಿ ಕಲಿಯಬೇಕು ಅನ್ನೋದು ಈ ವಿದ್ವಾಂಸರ ಬಳಗದ ದೊಡ್ಡ ಹೊಸತನ. ಮೇಲ್ಜಾತಿಯ ಮಗುವಿಗೆ ಇದು ಹೊಸತೇ ಇರಬಹುದು. ಅವನ ಮನೆಯಲ್ಲಿ ಕೈ ಇದ್ದದ್ದು ಬರೆಯೋದಕ್ಕೆ, ಎಣಿಸೋದಕ್ಕೆ, ತೋರಿಸಿ ಹೇಳೋದಕ್ಕೆ. ನಮ್ಮ ಮಗುವಿಗೆ ಕೈ ಹೊಸತಲ್ಲ. ಅದು ಸಗಣಿ ಬಾಚಿದೆ, ಕಳೆ ಕಿತ್ತಿದೆ, ಶಾಲೆಯ ಅಂಗಳವನ್ನೂ ಗುಡಿಸಿದೆ. ನಾಲ್ಕು ಮಕ್ಕಳ ಗುಂಪು ಮಾಡಿ ಬಿಟ್ಟರೆ ಊರು ಹೇಗಿದೆಯೋ ಹಾಗೇ ಗುಂಪು ಆಗುತ್ತದೆ. ಗೌಡರ ಹುಡುಗ ಕೊಳವೆ ಹಿಡಿಯುತ್ತಾನೆ. ಶಾನುಭೋಗರ ಹುಡುಗ ಬರೆಯುತ್ತಾನೆ. ಕೇರಿಯ ಹುಡುಗ ನೀರು ತರುತ್ತಾನೆ. ಹುಡುಗಿ ತೊಳೆದಿಡುತ್ತಾಳೆ. ಸಂಶೋಧಕ ಬಂದು ನೋಡಿ, ನಾಲ್ಕೂ ಮಕ್ಕಳು ಚಟುವಟಿಕೆಯಲ್ಲಿ ತೊಡಗಿದ್ದಾರೆ ಎಂದು ಬರೆದುಕೊಳ್ಳುತ್ತಾನೆ. ಅವನ ಲೆಕ್ಕ ತಪ್ಪಿಲ್ಲ. ತೊಡಗಿದ್ದು ಏನರಲ್ಲಿ ಅಂತ ಅವನು ಕೇಳಲಿಲ್ಲ, ಅಷ್ಟೆ.

ಆ ಸಂಸ್ಥೆಗೆ ಅವರು ಏಕಲವ್ಯನ ಹೆಸರಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟಿರುತ್ತಾರೆ. ಗುರುವಿಲ್ಲದೆ ತಾನೇ ಮಾಡಿ ಕಲಿತವನು ಅವನು. ಆದರೆ ಏಕಲವ್ಯನ ಕಥೆ ತಾನೇ ಕಲಿತದ್ದರಲ್ಲಿ ಮುಗಿಯೋದಿಲ್ಲ, ಬೆರಳು ಕತ್ತರಿಸುವುದರಲ್ಲಿ ಮುಗಿಯುತ್ತದೆ. ಬೇಡರ ಹುಡುಗ ಕಲಿಯಲಾರ ಎಂಬ ಚಿಂತೆ ದ್ರೋಣನಿಗೆ ಇರಲಿಲ್ಲ; ಕಲಿತುಬಿಟ್ಟ ಎಂಬುದೇ ಚಿಂತೆ. ಆದ್ದರಿಂದ ನಮ್ಮ ಮಕ್ಕಳು ಯಾಕೆ ಕಲಿಯುತ್ತಿಲ್ಲ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಸಂಶೋಧನೆ ಮಾಡಿದರೆ ಅರ್ಧ ಕಥೆ ಓದಿದ ಹಾಗೆ. ಕಲಿತ ಮೇಲೆ ಅವರ ಹೆಬ್ಬೆರಳಿಗೆ ಏನಾಯಿತು, ಅದನ್ನು ಯಾವ ಸಂಶೋಧನೆ ಲೆಕ್ಕ ಇಟ್ಟಿದೆ?

ಬಾಬಾಸಾಹೇಬರ ಬಾಲ್ಯ ನೆನೆಸಿಕೊಳ್ಳಿ. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಲೆಕ್ಕ ಮಾಡಲು ಮೇಷ್ಟ್ರು ಬೋರ್ಡಿಗೆ ಕರೆದಾಗ, ಬೋರ್ಡಿನ ಹಿಂದೆ ಇಟ್ಟಿದ್ದ ತಮ್ಮ ಊಟದ ಡಬ್ಬಿಗಳು ಮೈಲಿಗೆಯಾಗುತ್ತವೆಂದು ಉಳಿದ ಹುಡುಗರು ಓಡಿ ಹೋಗಿ ಎತ್ತಿಕೊಂಡರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಹುಡುಗನಿಗೆ ಲೆಕ್ಕ ಬರುತ್ತಿತ್ತು. ಬೋರ್ಡಿಗೂ ಅವನಿಗೂ ನಡುವೆ ಡಬ್ಬಿಗಳಿದ್ದವು. ಢಾಕಾದ ಕಡೆಯ ಹಳ್ಳಿಯ ಬಡ ಅಂಗಡಿಕಾರನ ಮಗ ಮೇಘನಾದ ಸಹಾ ನಕ್ಷತ್ರಗಳ ಬೆಳಕಿನಲ್ಲಿ ಅವುಗಳ ಬಿಸಿಯನ್ನು ಓದುವ ಸೂತ್ರವನ್ನು 1920ರಲ್ಲಿ ಜಗತ್ತಿಗೆ ಕೊಟ್ಟವರು. ಅದಕ್ಕೂ ಮುಂಚೆ ಕಲ್ಕತ್ತದ ಹಾಸ್ಟೆಲಿನಲ್ಲಿ ಜಾತಿಯ ಕಾರಣಕ್ಕೆ ಅವರನ್ನು ಬೇರೆ ಕೂರಿಸಿ ಊಟ ಹಾಕಿದ್ದರು. ನಕ್ಷತ್ರದ ದೂರ ಅಳೆಯಬಹುದು. ಊಟದ ಪಂಕ್ತಿಯ ದೂರ?

*

ಪರೀಕ್ಷೆಯ ಮಾತಿಗೆ ಬರೋಣ. ಸಮಾನತೆ ಮತ್ತು ಹೊಸತನ ಯಾವಾಗಲೂ ಒಂದೇ ಗಾಡಿಯ ಎರಡು ಎತ್ತುಗಳಂತೆ ನಡೆಯುತ್ತವೆ ಎಂದು ವಿದ್ವಾಂಸರು ತಿಳಿದಿದ್ದಾರೆ. ಹಾಗೇನಿಲ್ಲ. 2002ರಲ್ಲಿ ಕಾರ್ಯಕ್ರಮ ನಿಲ್ಲಿಸಬೇಕೆಂದವರು ಮುಂದಿಟ್ಟ ವಾದಗಳಲ್ಲಿ ಒಂದು, ಈ ಮಕ್ಕಳಿಗೆ ಮುಂದೆ ಹೈಸ್ಕೂಲಿನ ಬೋರ್ಡ್ ಪರೀಕ್ಷೆ ಕಷ್ಟವಾಗುತ್ತದೆ ಎಂಬುದು. ವಾದ ಎತ್ತಿದ ರಾಜಕಾರಣಿಗಳಿಗೆ ಮಕ್ಕಳ ಮೇಲೆ ಪ್ರೀತಿ ಉಕ್ಕಿತ್ತು ಎಂದು ನಾವು ನಂಬೋದಿಲ್ಲ. ದೇಶದ ಎಷ್ಟೋ ವಿಜ್ಞಾನಿಗಳು ಪ್ರತಿಭಟಿಸಿದರೂ ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ಯಕ್ರಮದವರು ಎಂಟನೇ ಕ್ಲಾಸಿನ ತನಕ ಪರೀಕ್ಷೆಯನ್ನೇ ಬದಲಾಯಿಸಿದ್ದರು. ಒಂಬತ್ತು, ಹತ್ತು ಅವರ ಕೈಯಲ್ಲಿರಲಿಲ್ಲ. ಅಲ್ಲಿ ಹಳೆಯ ಬಾಯಿಪಾಠವೇ ಕಾದು ಕೂತಿತ್ತು.

ಇದರಲ್ಲಿ ನಮಗೊಂದು ಪಾಠ ಇದೆ. ಮನೆಯಲ್ಲಿ ನಾಲ್ಕು ತಲೆಮಾರು ಓದಿದವರಿರುವ ಮಗು ಎಂಟನೇ ಕ್ಲಾಸಿನ ತನಕ ಕಪ್ಪೆ ಹಿಡಿದುಕೊಂಡು, ಆಕಾಶ ನೋಡಿಕೊಂಡು ಇರಬಹುದು. ಒಂಬತ್ತಕ್ಕೆ ಬಂದಾಗ ಅಪ್ಪ ಟ್ಯೂಷನ್ನಿಗೆ ಹಾಕುತ್ತಾನೆ. ನಮ್ಮ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ ಅನ್ನೋದು ಕಲಿಕೆಯ ಅಳತೆಗೋಲು ಅಲ್ಲ, ಕೂಲಿಯಿಂದ ತಪ್ಪಿಸಿಕೊಳ್ಳುವ ಬಸ್ಸಿನ ಟಿಕೆಟ್ಟು. ಆ ಟಿಕೆಟ್ಟನ್ನು ಕಿತ್ತು, ಅದರ ಬದಲು ನಡೆದುಕೊಂಡು ಹೋಗುವ ಸುಖ ತಗೋ ಅಂದರೆ ನಮ್ಮವ್ವ ಒಪ್ಪೋದಿಲ್ಲ. ಒಪ್ಪದೆ ಇರೋದು ಅವಳ ದಡ್ಡತನವಲ್ಲ, ಅವಳ ಲೆಕ್ಕ. ಪ್ರಶ್ನೆ ಕೇಳುವ ಕಲಿಕೆ ಮತ್ತು ಮಾರ್ಕು ಕೊಡುವ ಕಲಿಕೆ ಎರಡನ್ನೂ ನಮ್ಮ ಮಕ್ಕಳಿಗೆ ಕೊಡಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಮುಂದೆ ನೋಡೋಣ ಅನ್ನುವ ಹೊಸತನದ ಬೆಲೆಯನ್ನು ಬಡವನ ಮಗು ತೆರುತ್ತದೆ, ಹೊಸತನ ಮಾಡಿದವನು ತೆರೋದಿಲ್ಲ.

ಇನ್ನೂ ಒಂದು ಕೇಳಬೇಕು. 30 ವರ್ಷ ನಡೆದ ಕೆಲಸವನ್ನು ಒಂದು ಕಾಗದ ನಿಲ್ಲಿಸಿತು. ಆ ಮಕ್ಕಳ ಅಪ್ಪ ಅವ್ವಂದಿರು ಸಾವಿರಗಟ್ಟಲೆ ಬೀದಿಗೆ ಬಂದಿದ್ದರೆ ಸರ್ಕಾರಕ್ಕೆ ಅಷ್ಟು ಧೈರ್ಯ ಬರುತ್ತಿತ್ತೆ? ವಿದ್ವಾಂಸರ ಬಳಗ ಮೇಷ್ಟ್ರನ್ನು ಒಳಗೆ ಕರೆದುಕೊಂಡಿತು. ಹಟ್ಟಿಯನ್ನು ಕರೆದುಕೊಳ್ಳಲಿಲ್ಲ. ಹಟ್ಟಿಯ ಬೇರು ಇಲ್ಲದ ಮರ ಎಷ್ಟೇ ಒಳ್ಳೆಯದಾದರೂ ಒಂದು ಗಾಳಿಗೆ ಬೀಳುತ್ತದೆ.

*

ಭಾಷೆಯ ವಿಷಯದಲ್ಲಿ ಈ ಬಳಗ ನಮಗೆ ನಿಜವಾದ ಉಪಕಾರ ಮಾಡಿದೆ, ಅದನ್ನು ಹೇಳಲೇಬೇಕು. ಟಾಟಾ ಸಂಸ್ಥೆಯ ಆಶ್ರಯದಲ್ಲಿ 1974ರಲ್ಲಿ ಮುಂಬೈನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಶುರುವಾಯಿತು. ವಿ. ಜಿ. ಕುಲಕರ್ಣಿ ಮತ್ತು ಅವರ ಜೊತೆಗಾರರು ವಿಜ್ಞಾನದ ಪಾಠದ ಭಾಷೆಯನ್ನು ಸರಳ ಮಾಡಿ ಕಲಿಸಿ ನೋಡಿದರು, ಮಕ್ಕಳ ತಿಳಿವಳಿಕೆ ಏರಿತು. 1980ರ ದಶಕದಲ್ಲಿ ಮುಂಬೈ ಮಹಾನಗರ ಪಾಲಿಕೆ ಶಾಲೆಗಳ ಪರಿಶಿಷ್ಟ ಜಾತಿಯ ಮಕ್ಕಳನ್ನು ಆರಿಸಿ, ಹತ್ತನೆಯ ತರಗತಿಯ ತನಕ ಜೊತೆಯಲ್ಲಿದ್ದು ಕಲಿಸಿದರು. ಆ ಮಕ್ಕಳ ಫಲಿತಾಂಶ ಚೆನ್ನಾಗಿ ಮೇಲೆ ಬಂತು. ತಲೆಯಲ್ಲಿ ಏನೂ ಇಲ್ಲ ಅಂತ ನಮ್ಮ ಮಕ್ಕಳ ಬಗ್ಗೆ ಹೇಳುತ್ತಿದ್ದವರ ಬಾಯಿಗೆ ಇದು ಸರಿಯಾದ ಉತ್ತರ.

ನಮ್ಮ ಕನ್ನಡ ಪುಸ್ತಕವನ್ನೇ ತೆಗೆದು ನೋಡಿ. ದ್ಯುತಿಸಂಶ್ಲೇಷಣೆ, ಬಾಷ್ಪೀಕರಣ, ಸಾಂದ್ರೀಕರಣ. ಇದು ಕನ್ನಡವೆ? ಇಂಗ್ಲಿಷಿನಿಂದ ತಪ್ಪಿಸಿಕೊಂಡು ಬಂದ ಹುಡುಗಿ ಸಂಸ್ಕೃತದ ಬಾಗಿಲಿಗೆ ಹಣೆ ಬಡಿದುಕೊಳ್ಳುತ್ತಾಳೆ. ಹಿಂದೆ ಕಿವಿಗೆ ಕಾದ ಸೀಸ ಹಾಕುತ್ತೇವೆ ಎಂದಿದ್ದ ಆ ಭಾಷೆ ಈಗ ವಿಜ್ಞಾನದ ವೇಷ ಹಾಕಿಕೊಂಡು ಬಾಗಿಲಲ್ಲಿ ನಿಂತಿದೆ. ನಮ್ಮ ಅವ್ವನ ಬಾಯಲ್ಲಿ ನೀರು ಆವಿಯಾಗುತ್ತದೆ, ಹಬೆಯಾಡುತ್ತದೆ, ಇಂಗುತ್ತದೆ, ಬತ್ತುತ್ತದೆ, ಆರುತ್ತದೆ, ಬೆವರುತ್ತದೆ. ಪುಸ್ತಕದ ಒಂದು ಪದದ ಜಾಗದಲ್ಲಿ ಅವಳಿಗೆ ಆರು ಪದ ಇವೆ. ಕೆರೆ ಬತ್ತೋದು ಬೇರೆ, ಬಟ್ಟೆ ಆರೋದು ಬೇರೆ, ನೆಲದೊಳಕ್ಕೆ ಇಂಗೋದು ಬೇರೆ ಎಂದು ಅವಳಿಗೆ ಗೊತ್ತು. ಇದು ವೀಕ್ಷಣೆ ಅಲ್ಲದೆ ಇನ್ನೇನು? ಸರಳ ಮಾಡುವುದು ಅಂದರೆ ಮೇಲಿನದನ್ನು ತಗ್ಗಿಸಿ ಕೊಡುವುದು ಅಂತ ವಿದ್ವಾಂಸರು ಭಾವಿಸಿದ್ದಾರೆ. ಕೆಳಗಿರುವುದು ಅವರಿಗಿಂತ ಸೂಕ್ಷ್ಮವಾಗಿರಬಹುದು ಎಂಬ ಅನುಮಾನ ಅವರಿಗೆ ಬರಬೇಕು. ಆಗ ಹೊಸತನ ಹುಟ್ಟುತ್ತದೆ.

ಆದರೂ ಒಂದು ತಕರಾರು. ಇಂಥ ಕೆಲಸಗಳಿಗೆ ‘ಪ್ರತಿಭೆಯ ಹುಡುಕಾಟ’ ಎಂಬ ಹೆಸರು ಬರುತ್ತದೆ. ನಮ್ಮ ಪ್ರತಿಭೆ ಎಲ್ಲೂ ಕಳೆದುಹೋಗಿರಲಿಲ್ಲ. ಕಾಣದವರು ಹುಡುಕುತ್ತಿದ್ದಾರೆ. ಕಲಿಕೆಗೆ ಅಡ್ಡಿ ಏನು ಎಂದು ಪಟ್ಟಿ ಮಾಡಿದಾಗ ಅದರಲ್ಲಿ ಭಾಷೆ ಬರುತ್ತದೆ, ಬಡತನ ಬರುತ್ತದೆ, ಓದದ ತಂದೆತಾಯಿ ಬರುತ್ತಾರೆ. ಮೇಷ್ಟ್ರ ಕಣ್ಣು ಬರೋದಿಲ್ಲ. ಅಟೆಂಡೆನ್ಸ್ ಕೂಗುವಾಗ ನಮ್ಮ ಹೆಸರಿಗೆ ಬಂದಾಗ ದನಿ ಬದಲಾಗೋದು, ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ಲಿ ಅನ್ನೋದು, ನೋಟ್‌ಬುಕ್ಕನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯೋದು. ನಾವು ಓದಿದ ಒಂದು ಕಾಲೇಜಿನ ಲ್ಯಾಬಿನಲ್ಲಿ ಏನಾದರೂ ಒಡೆದರೆ ಮೊದಲು ನೋಡುತ್ತಿದ್ದದ್ದು ಹಾಸ್ಟೆಲಿನ ಹುಡುಗರ ಕಡೆ. ಇವೆಲ್ಲ ಅಳತೆಗೆ ಸಿಗೋದಿಲ್ಲ ಎಂದು ಹೇಳಬೇಡಿ. ದಿಲ್ಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಸರ್ಕಾರ ನೇಮಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಬೋಧನೆಯಲ್ಲಿ, ಪರೀಕ್ಷೆಯಲ್ಲಿ, ಹಾಸ್ಟೆಲಿನಲ್ಲಿ, ಆಟದಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಅನುಭವಿಸಿದ ತಾರತಮ್ಯವನ್ನು ಅವರನ್ನೇ ಕೇಳಿ ದಾಖಲಿಸಿತು. ಅಳೆಯುವ ಮನಸ್ಸಿದ್ದರೆ ಅಳತೆಗೋಲು ಸಿಗುತ್ತದೆ. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಾವು ಕಳೆದುಕೊಂಡ ರೋಹಿತ್ ವೇಮುಲ, ವಿಜ್ಞಾನ ಬರಹಗಾರನಾಗಬೇಕೆಂದು ಕನಸು ಕಂಡಿದ್ದ ಹುಡುಗ. ಅವನಿಗೆ ವಿಜ್ಞಾನ ಕಲಿಸುವುದು ಹೇಗೆ ಎಂಬ ಸಂಶೋಧನೆ ಬೇಕಾಗಿರಲಿಲ್ಲ. ಬದುಕಲು ಬಿಡುವ ವಿಶ್ವವಿದ್ಯಾಲಯ ಬೇಕಾಗಿತ್ತು.

*

ಹಾಗಾದರೆ ನಮ್ಮ ಕೇರಿಯಿಂದಲೇ ಪಾಠ ಶುರು ಮಾಡೋಣ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಒಪ್ಪಿದೆವು, ಎಚ್ಚರದಿಂದ. ಕಾಂಚ ಐಲಯ್ಯ ಅವರು 2007ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕವೊಂದು ಕುಂಬಾರ, ಮಾದಿಗ, ಅಗಸ, ಕ್ಷೌರಿಕರ ಕೆಲಸದಲ್ಲಿ ಇರುವ ಅರಿವನ್ನು ಎತ್ತಿ ಹಿಡಿಯಿತು. ಚರ್ಮ ಹದ ಮಾಡುವುದನ್ನೇ ನೋಡಿ. ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಬಿಡಿಸಬೇಕು. ತಂಗಡಿ ಚಕ್ಕೆಯದೋ ಅಳಲೆಕಾಯಿಯದೋ ರಸದಲ್ಲಿ ಅದ್ದಬೇಕು. ಆ ಒಗರು ಚರ್ಮದ ನಾರನ್ನು ಹಿಡಿದು ಕಟ್ಟುತ್ತದೆ, ಕೊಳೆಯುವ ವಸ್ತು ಕೊಳೆಯದ ವಸ್ತುವಾಗುತ್ತದೆ. ಪ್ರತ್ಯಾಮ್ಲ, ಸಸಾರಜನಕ, ರಾಸಾಯನಿಕ ಬಂಧ, ಎಲ್ಲವೂ ಆ ಬಾನಿಯಲ್ಲಿವೆ. ರಸಾಯನಶಾಸ್ತ್ರವನ್ನು ಮೂಗು ಮುಚ್ಚಿಕೊಂಡು ದೂರ ಇಟ್ಟ ಜನ, ಅದೇ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಿ ಪದಕ ತೆಗೆದುಕೊಂಡರು.

ಎಚ್ಚರ ಯಾಕೆ ಅಂದರೆ, ನಿಮ್ಮ ಕಸುಬಿನಲ್ಲೇ ವಿಜ್ಞಾನ ಇದೆ, ಅಲ್ಲೇ ಇರಿ ಎಂದು ಹೇಳುವ ಜಾಣರು ಕಾದಿದ್ದಾರೆ. ನಮಗೆ ಬಾನಿಯ ಪೂಜೆ ಬೇಡ. ಚರ್ಮದ ರಸಾಯನವನ್ನು ಅಗ್ರಹಾರದ ಹುಡುಗನೂ ಕೈಯಾರೆ ಕಲಿಯಲಿ, ವಾಸನೆ ಮೂಗಿಗೆ ತಾಗಲಿ. ನಮ್ಮ ಹುಡುಗಿ ನಕ್ಷತ್ರದ ಭೌತಶಾಸ್ತ್ರ ಕಲಿಯಲಿ. ಸಮಾನತೆ ಅಂದರೆ ಇದು.

ಕೊನೆಗೆ ಬಳಗದ ಒಳಗಿನ ಮಾತು. 2023ರಲ್ಲಿ ನೇಚರ್ ಪತ್ರಿಕೆ ಲೆಕ್ಕ ಮುಂದಿಟ್ಟಿತು: ಮೇಲ್ಮಟ್ಟದ ಐಐಟಿಗಳಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರುಗಳ ಪೈಕಿ ದಲಿತ ಮತ್ತು ಆದಿವಾಸಿಗಳು 100ಕ್ಕೆ ಒಬ್ಬರೂ ಇಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇದ್ದು ನೋಡಿದ ರೆನ್ನಿ ಥಾಮಸ್, ವಿಜ್ಞಾನ ಅಂದರೆ ಬ್ರಾಹ್ಮಣರಿಗೆ ಸಹಜವಾಗಿ ಒಲಿದ ಕಸುಬು ಎಂಬ ಭಾವನೆ ಅಲ್ಲಿ ಹೇಗೆ ನೆಲೆಸಿದೆ ಎಂದು 2020ರಲ್ಲಿ ಬರೆದರು. ವಿಜ್ಞಾನದ ಮನೆ ಹೀಗಿದ್ದ ಮೇಲೆ ವಿಜ್ಞಾನ ಶಿಕ್ಷಣದ ಸಂಶೋಧನೆ ಆಕಾಶದಿಂದ ಇಳಿದು ಬರೋದಿಲ್ಲ. ಮಗು ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ತಡವರಿಸುತ್ತದೆ. ಅದರ ತಡವರಿಕೆಯ ಬಗ್ಗೆ ಪ್ರಬಂಧ ಇಂಗ್ಲಿಷಿನಲ್ಲಿ ಮಂಡನೆಯಾಗುತ್ತದೆ. ಮಗುವಿಗೂ ಅದರ ಮೇಷ್ಟ್ರಿಗೂ ಅದು ತಲುಪೋದಿಲ್ಲ. ಗೌಡರ ಕಣದಲ್ಲಿ ರಾಗಿ ಅಳೆದ ಹಾಗೆ: ಬೆಳೆದವರು ನಾವು, ಅಳೆಯುವ ಕೊಳಗ ಅವರದು, ಎಷ್ಟಾಯಿತೆಂದು ಬರೆದುಕೊಳ್ಳುವವರೂ ಅವರೇ.

ನಾವು ಕೇಳುವುದು ಕರುಣೆಯನ್ನಲ್ಲ. ಕೊಳಗ ನಮ್ಮ ಕೈಗೂ ಬರಬೇಕು. ನಮ್ಮ ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ಬಳಗದಲ್ಲಿ ಪ್ರಶ್ನೆ ಕಟ್ಟುವವರಾಗಿ ನಾವು ಇರಬೇಕು. ಉತ್ತರ ತುಂಬುವ ಫಾರಂ ಆಗಿ ಇದ್ದದ್ದು ಸಾಕು. ಆ ಬಳಗ ಬರೆದದ್ದು ನಮ್ಮ ಭಾಷೆಯಲ್ಲಿ ನಮ್ಮ ಮೇಷ್ಟ್ರ ಮೇಜಿಗೆ ಬರಬೇಕು. ಮೈಲಿಗೆಯನ್ನು ವಿಜ್ಞಾನದ ಪಾಠವಾಗಿ ಪರೀಕ್ಷೆ ಮಾಡಬೇಕು. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ಪ್ರಜೆಯ ಕರ್ತವ್ಯ ಎಂದು 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿಸಿದ್ದಾರೆ. ಅಸ್ಪೃಶ್ಯತೆಯನ್ನು ಅದೇ ಸಂವಿಧಾನದ 17ನೆಯ ವಿಧಿ ಮೊದಲೇ ತೊಡೆದುಹಾಕಿದೆ. ಈ ಎರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಕಲಿಸಿದ ಶಾಲೆ ಎಲ್ಲಿದೆ?

ಇದನ್ನು ಓದುವ ಹಳ್ಳಿ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ನಮ್ಮದೊಂದು ವಿನಂತಿ. ಯಾವ ಅನುದಾನವೂ ಬೇಡ, ಯಾವ ಆದೇಶವೂ ಬೇಡ. ನಾಳೆ ಪ್ರಯೋಗ ಮಾಡಿಸುವಾಗ ಒಂದು ಹಾಳೆ ಇಟ್ಟುಕೊಳ್ಳಿ. ಕೊಳವೆ ಹಿಡಿದವರು ಯಾರು, ಬರೆದವರು ಯಾರು, ನೀರು ತಂದವರು ಯಾರು, ತೊಳೆದವರು ಯಾರು, ನೀವು ಯಾರ ಹೆಸರು ಹಿಡಿದು ಕರೆದಿರಿ, ಯಾರನ್ನು ‘ಏ’ ಅಂದಿರಿ, ಬರೆದಿಡಿ. ಒಂದು ತಿಂಗಳು ಬರೆಯಿರಿ. ಆಮೇಲೆ ಕೆಲಸಗಳನ್ನು ಅದಲು ಬದಲು ಮಾಡಿ, ಮತ್ತೆ ಒಂದು ತಿಂಗಳು ಬರೆಯಿರಿ. ಅದನ್ನು ಸಂಶೋಧನೆ ಅಲ್ಲ ಅನ್ನೋದಕ್ಕೆ ಯಾವ ವಿದ್ವಾಂಸನಿಗೂ ಅಧಿಕಾರ ಇಲ್ಲ. ವಿದ್ಯಾರ್ಥಿ ಗೆಳೆಯರು ಆ ಹಾಳೆಗಳನ್ನು ಒಟ್ಟುಮಾಡಲಿ. ಸಂಘಟನೆಯ ಗೆಳೆಯರು ಅದನ್ನು ಕೇರಿಯ ಸಭೆಯಲ್ಲಿ ಓದಿ ಹೇಳಲಿ, ಅವ್ವ ಅಪ್ಪಂದಿರು ಕೇಳಲಿ, ತಮ್ಮ ಪ್ರಶ್ನೆ ಸೇರಿಸಲಿ.

ಹೋಶಂಗಾಬಾದಿನ ಮಕ್ಕಳು ತಮಗೆ ತೋಚಿದ್ದನ್ನು ಸವಾಲಿರಾಮನಿಗೆ ಕಾಗದ ಬರೆದು ಕೇಳುತ್ತಿದ್ದರು. ನಮ್ಮ ಮಕ್ಕಳ ಕಾಗದ ಇನ್ನು ಮುಂದೆ ವಿಶ್ವವಿದ್ಯಾಲಯಗಳ ವಿಳಾಸಕ್ಕೇ ಹೋಗಲಿ. ಅದರಲ್ಲಿ ಒಂದೇ ಪ್ರಶ್ನೆ ಇರಲಿ: ನಮ್ಮನ್ನು ಓದುವವರ ಸಾಲಿನಲ್ಲಿ ನಮ್ಮವರು ಎಷ್ಟು ಜನ?